ಹಲಸಿನ ಚಾಕುವಿನ ಹಿಡಿ

ಹೆಬ್ಬೆರಳಿನ ಬುಡದ ನೋವಿನಿಂದ ಶೆಟ್ಟಿಕೊಪ್ಪದ ನನ್ನ ಚಿಕ್ಕಮ್ಮನಿಗೆ ಚಾಕುವಿನ ಸಪೂರ ಹಿಡಿಯನ್ನು ಬಿಗಿಹಿಡಿಯಲು ಆಗುತ್ತಿರಲಿಲ್ಲ. ಈ ಸಲ ಹಲಸಿನ ಹಪ್ಪಳವೇ ಬೇಡ ಎಂದುಬಿಟ್ಟಿದ್ದರು. ಕಾಲೇಜಿನಲ್ಲಿ ವಿನ್ಯಾಸ ಓದಿದ ನಾನು ಅವರ ಅಂಗೈಯ ಅಳತೆ ತೆಗೆದು, ದಪ್ಪ ಮರದ ಹಿಡಿಯೊಂದನ್ನು ಕೆತ್ತಿ, ಚೆನ್ನಾಗಿ ನುಣುಪು ಮಾಡಿ ಚಾಕುವಿಗೆ ಕೂರಿಸಿ ಕೊಟ್ಟೆ.

"ಹಾಯಾಗಿದೆ ಮಾರಾಯ" ಎಂದು ಮೆಚ್ಚಿದ ಚಿಕ್ಕಮ್ಮ, ಕಾಯಿಯ ಅಂಟು ಹತ್ತದಂತೆ ಎರಡೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೆಲಸಕ್ಕೆ ಕುಳಿತರು. ಕಾಯಿಗೆ ತಾಗಿಸುತ್ತಲೇ ಚಾಕು ಜಾರಿ ನನ್ನ ಕಾಲ ಬಳಿ ಬಿತ್ತು. ನಾನು ಅದನ್ನು ಒಣ ಕೈಯಲ್ಲಿ ಮಾತ್ರ ಹಿಡಿದು ನೋಡಿದ್ದೆ.

"ಇಷ್ಟೆಲ್ಲಾ ಓದಿ, ಹಪ್ಪಳ ತಿನ್ನಕ್ಕೆ ಮಾತ್ರ ಗೊತ್ತಾ ನಿಂಗೆ?"

ಹಿಡಿಗೆ ತೆಳ್ಳಗಿನ ತೆಂಗಿನ ನಾರಿನ ದಾರ ಸುತ್ತಿದ ಮೇಲೆ ಅದು ಎಣ್ಣೆಗೈಯಲ್ಲೂ ನಿಂತಿತು. ಹಪ್ಪಳವೂ ಆಯಿತು. ದಾರ ಸುತ್ತುವ ಉಪಾಯ ನನ್ನದೇ, ಸುತ್ತಿದವನೂ ನಾನೇ ಎಂದು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ. ಮೊನ್ನೆ ಚಾಕು ಕೈಗೆ ಸಿಕ್ಕಿದಾಗ ದಾರದ ತುದಿ ನೋಡಿದೆ. ಅಲ್ಲಿದ್ದದ್ದು ಚಿಕ್ಕಮ್ಮ ಮಲ್ಲಿಗೆ ಕಟ್ಟುವಾಗ ಹಾಕುವ ಗಂಟು. ಅದನ್ನು ಹಾಕಲು ನನಗೆ ಇವತ್ತಿಗೂ ಬರುವುದಿಲ್ಲ.