ಹೊಂಗೆ ಸಸಿಯ ಹಸ್ತಾಂತರ

ವರ್ಗಾವಣೆಯಾದ ಬ್ಯಾಂಕ್ ಅಧಿಕಾರಿಯಷ್ಟು ನಿರ್ಲಿಪ್ತನಂತೆ ಕಾಣುವ ಪ್ರಾಣಿ ಇನ್ನೊಂದಿಲ್ಲ. ಆದರೆ ಬೀಗದ ಕೈಯಿಂದ ಸ್ಟೇಪ್ಲರಿನವರೆಗೆ ಎಲ್ಲವನ್ನೂ ಪಟ್ಟಿ ಮಾಡಿ, ಮುಂದೆ ಬರುವವನ ಸಹಿ ಹಾಕಿಸಿಕೊಳ್ಳದೆ ಅವನು ಕುರ್ಚಿ ಬಿಟ್ಟೇಳುವುದಿಲ್ಲ. ಈ ವಿದ್ಯೆಯಲ್ಲಿ ನಾನು ಪಾರಂಗತನೆಂದು ಸಂಕೋಚವಿಲ್ಲದೆ ಹೇಳಬಲ್ಲೆ. ಆ ಪಾಂಡಿತ್ಯವನ್ನು ಒಂದು ಹೊಂಗೆ ಸಸಿಯ ಮೇಲೂ ಪ್ರಯೋಗಿಸಿದ್ದೇನೆ. ನಗುವುದಾದರೆ ಈಗಲೇ ನಕ್ಕುಬಿಡಿ.

ವಿಶಾಖಪಟ್ಟಣದಲ್ಲಿ ನಮ್ಮ ಬಾಡಿಗೆ ಮನೆಗೂ ಚರ್ಚಿಗೂ ನಡುವೆ ಒಂದು ಮೋಟು ಗೋಡೆಯಷ್ಟೇ. ಚರ್ಚಿನ ಪಾಲಕ ಸಂತರು ಫ್ರಾನ್ಸಿಸರು. ಹಕ್ಕಿಗಳನ್ನೂ ಒಡಹುಟ್ಟಿದವರೆಂದು ಕಂಡ ಸಂತರ ಹಬ್ಬಕ್ಕೆ ಪ್ಲಾಸ್ಟಿಕ್ ತೋರಣ ಕಟ್ಟುವುದು ಅವರಿಗೇ ಅವಮಾನವೆಂದ ಫಾದರ್, ಪ್ರತಿ ಕುಟುಂಬವೂ ಕಾಣಿಕೆಯ ಮೆರವಣಿಗೆಯಲ್ಲಿ ಒಂದು ಸಸಿ ತಂದು, ಆವರಣದಲ್ಲಿ ನೆಟ್ಟು, ಮುಂದಿನ ಹಬ್ಬದವರೆಗೆ ಸಾಕಬೇಕೆಂದರು. ಮೊದಲು ಕೈ ಎತ್ತಿದವನು ನಾನು. ಹಬ್ಬದ ದಿನ ಹೊಂಗೆ ಸಸಿಯೊಂದನ್ನು ತಂದು, ಆವರಣದಲ್ಲಿ ನಮ್ಮ ಗೋಡೆಯ ಪಕ್ಕಕ್ಕೇ ನೆಟ್ಟು, ನನ್ನ ಹೆಸರಿನ ಫಲಕವನ್ನೂ ನಿಲ್ಲಿಸಿದೆ. ಮೈಸೂರಿನವನಾದ ನನಗೆ ಗಿಡ ಬೆಳೆಸುವುದೇನು ಮಹಾ ಎಂಬ ಹಮ್ಮು. ಅಲ್ಲಿನ ಉಪ್ಪುಗಾಳಿಗೆ ಆ ಹಮ್ಮಿನ ಪರಿಚಯವಿರಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಎಲೆಗಳು ಹಳದಿಯಾದವು. ಅದೇ ವಾರ ನನಗೆ ವಿಜಯವಾಡಕ್ಕೆ ವರ್ಗವಾಯಿತು. ನನ್ನ ಕುರ್ಚಿಗೂ ನನ್ನ ಬಾಡಿಗೆ ಮನೆಗೂ ಬಂದವರು ಸೂರ್ಯನಾರಾಯಣ, ಚರ್ಚಿನೊಳಗೆ ಎಂದೂ ಕಾಲಿಟ್ಟವರಲ್ಲ. ಆದರೂ ಮನೆಯ ಪಟ್ಟಿಯಲ್ಲಿ, ಫ್ಯಾನು ನಲ್ಲಿಗಳ ಕೆಳಗೆ, "ಹೊಂಗೆ ಸಸಿ ಒಂದು, ಸ್ಥಿತಿ ಉತ್ತಮ" ಎಂದು ಬರೆದೆ.

ಹೆಂಡತಿ ಫಿಲೋಮಿನಾ ಇಣುಕಿ ನೋಡಿದಳು. "ಅಲ್ಲಾ ರೀ, ಒಣಗ್ತಾ ಇರೋ ಗಿಡಕ್ಕೆ ಉತ್ತಮ ಅಂತ ಬರೀತೀರಲ್ಲ, ದೇವರು ಮೆಚ್ತಾನಾ?"

ದೇವರ ಮೆಚ್ಚುಗೆ ಆಮೇಲಿನ ಮಾತು. ಫಾದರ್ ಎದುರು ನನ್ನ ಮರ್ಯಾದೆ ಉಳಿದರೆ ಸಾಕಾಗಿತ್ತು. ಸೂರ್ಯನಾರಾಯಣ ಪಟ್ಟಿ ಓದಿ, ಕಿಟಕಿಯಾಚೆ ಒಮ್ಮೆ ನೋಡಿ, "ಸರೇನಂಡಿ" ಎಂದು ಸಹಿ ಹಾಕಿದರು.

ಹಬ್ಬಕ್ಕೆ ವಿಜಯವಾಡದಿಂದ ರೈಲು ಹತ್ತಿ ಬಂದೆವು. ನನ್ನ ಹೆಸರಿನ ಫಲಕದ ಪಕ್ಕ ಸಸಿ ಸೊಂಟದೆತ್ತರ ಬೆಳೆದು ತಳತಳಿಸುತ್ತಿತ್ತು. ಊರು ಬಿಟ್ಟರೂ ಸಸಿಯ ಹೊಣೆ ಮರೆಯದವನೆಂದು ಫಾದರ್ ಪ್ರಬೋಧನೆಯಲ್ಲಿ ನನ್ನನ್ನು ಹೆಸರು ಹಿಡಿದು ಹೊಗಳಿದರು. ನಾನು ತಲೆ ತಗ್ಗಿಸಿ ವಿನಯವನ್ನು ಧಾರಾಳವಾಗಿ ಪ್ರದರ್ಶಿಸಿದೆ.

ಪೂಜೆ ಮುಗಿದ ಮೇಲೆ ಆವರಣ ಗುಡಿಸುವ ಮರಿಯಮ್ಮ ನನ್ನನ್ನು ಬದಿಗೆ ಕರೆದು ತೆಲುಗಿನಲ್ಲಿ ಹೇಳಿದ್ದಿಷ್ಟು: ನನ್ನ ಸಸಿ ನಾನು ಹೋದ ವಾರವೇ ಸತ್ತಿತ್ತು. ಸೂರ್ಯನಾರಾಯಣ ಇನ್ನೊಂದು ತಂದು ಅದೇ ಗುಂಡಿಯಲ್ಲಿ ನೆಟ್ಟು, ದಿನವೂ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಗೋಡೆಯ ಮೇಲಿಂದ ಹಾಕುತ್ತಿದ್ದರಂತೆ. ಏಕೆಂದು ಕೇಳಿದರೆ, ಉತ್ತಮವೆಂದು ಸಹಿ ಹಾಕಿದ್ದೇನೆ, ಉತ್ತಮವಾಗಿಯೇ ಇರಬೇಕಲ್ಲ ಎಂದರಂತೆ.

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಗೋಡೆಯ ಬಳಿ ಹೋದರೆ ಅವರು ಪಾತ್ರೆ ಹಿಡಿದು ನಿಂತಿದ್ದರು. ಪಟ್ಟಿ ಬರೆಯುವಾಗಲೇ ಆ ಸಸಿ ಸಾಯುತ್ತಿತ್ತು, ನನಗೆ ಗೊತ್ತಿತ್ತು ಎಂದು ಒಪ್ಪಿಕೊಂಡೆ.

"ತೆಲುಸಂಡಿ," ಎಂದರು, ತಮಗೂ ಗೊತ್ತಿತ್ತೆಂದು. ಸಹಿ ಹಾಕುವ ಮೊದಲೇ ಅವರು ಹಳದಿ ಎಲೆಗಳನ್ನು ನೋಡಿದ್ದರು.

ಊಟದ ಚಪ್ಪರದಲ್ಲಿ ಚರ್ಚಿಗೆ ಸೇರಿದ ಇಡೀ ಧರ್ಮಕೇಂದ್ರದ ಜನ ಕುಳಿತಿದ್ದರು. ಸೂರ್ಯನಾರಾಯಣರ ಕೈ ಹಿಡಿದು ಅಲ್ಲಿಗೆ ಕರೆತಂದೆ. ಆಮೇಲೆ ಫಾದರ್ ಬಳಿ ಹೋಗಿ ಮೈಕ್ ಕೇಳಿದೆ.