ಹಳದಿ ಪೀಪಾಯಿಯವರೆಗೆ

ಡೇರೆಯ ಗೂಟಗಳನ್ನು ಹೊಡೆದು ಮುಗಿಸುವ ಮೊದಲೇ ಲೈಫ್‌ಗಾರ್ಡ್ ಎರಡು ಸಲ ಕಡಲಿನತ್ತ ತಿರುಗಿ ನೀರಿನಲ್ಲಿದ್ದವರ ತಲೆ ಎಣಿಸಿದ್ದರು. ಆ ದಿನ ಅವರಿಗೆ ರಜೆ.

"ರೀ, ಇವತ್ತೊಂದಿನ ಕೊರಳಲ್ಲಿರೋ ಆ ಸೀಟಿಗೂ ರಜೆ ಕೊಡಬಾರದಾ?" ಎಂದರು ಹೆಂಡತಿ.

ಊರಿನ ಅರ್ಧ ಮಕ್ಕಳು ಈಜು ಕಲಿತದ್ದು ಇವರಿಂದಲೇ. ಎಲ್ಲರಿಗೂ ಇವರು ಸೀಟಿ ಮಾಮ. ಸ್ವಂತ ಮಗಳ ವಿಷಯಕ್ಕೆ ಬಂದರೆ ಮಾತ್ರ ದೀಪದ ಬುಡದಲ್ಲಿ ಕತ್ತಲೆ. ದಡದಿಂದಾಚೆ ತೇಲಿಬಿಟ್ಟಿರುವ ಹಳದಿ ಪೀಪಾಯಿಯನ್ನು ಮುಟ್ಟಿಬರಲು ಹಿಂದಿನ ಎರಡು ವರ್ಷವೂ ಅವಳು ಹೊರಟಾಗ, ಇವರು ಅರ್ಧ ದಾರಿಯಲ್ಲೇ ಸೀಟಿ ಊದಿ ವಾಪಸ್ ಕರೆಸಿದ್ದರು. ಈಗ ಅವಳಿಗೆ ಹನ್ನೆರಡು.

"ಅಪ್ಪ, ಈ ಸಲನೂ ಊದಿದ್ರೆ ನಾನಿನ್ನು ನೀರಿಗೇ ಇಳಿಯಲ್ಲ," ಎಂದು ಹೇಳಿಯೇ ಅವಳು ಹೊರಟಳು.

ಅವರು ಮೊಣಕಾಲುದ್ದ ನೀರಿನಲ್ಲಿ ನಿಂತರು. ಅರ್ಧ ದಾರಿಯಲ್ಲಿ ಮಗಳ ಕೈ ಆಡುವುದು ನಿಂತಿತು. ಮುಳುಗುವವರು ಕೂಗುವುದಿಲ್ಲ, ಸುಮ್ಮನಾಗಿಬಿಡುತ್ತಾರೆ ಎಂಬುದನ್ನು ಹದಿನೆಂಟು ವರ್ಷದ ಕೆಲಸದಲ್ಲಿ ಅವರು ಕಣ್ಣಾರೆ ಕಂಡಿದ್ದರು. ಸೀಟಿ ತುಟಿಗೆ ಬಂತು.

"ತಡೀರಿ," ಎಂದರು ಪಕ್ಕಕ್ಕೆ ಬಂದ ಹೆಂಡತಿ. "ಅಂಗಾತ ಮಲಗಿ ತೇಲ್ತಿದಾಳೆ, ಅಷ್ಟೇ. ಸುಸ್ತಾದ್ರೆ ಹಾಗೆ ಮಾಡು ಅಂತ ಹೇಳ್ಕೊಟ್ಟೋರು ಯಾರು?"

ಅವರು ಊದಲಿಲ್ಲ, ಹಿಡಿದ ಉಸಿರನ್ನೂ ಬಿಡಲಿಲ್ಲ. ಮಗಳು ಮತ್ತೆ ಕವುಚಿಕೊಂಡು ಕೈ ಬೀಸತೊಡಗಿದಳು. ಕೊನೆಗೆ ಪೀಪಾಯಿಯನ್ನು ತಬ್ಬಿ ಹಿಡಿದಳು.

ಇನ್ನು ಅವಳು ಅಷ್ಟೇ ದೂರ ವಾಪಸ್ ಈಜಿ ಬರಬೇಕಿತ್ತು.