ಮಡಿಕೆಯಲ್ಲಿ ಮರೆಯಾದ ಕೊನೆಯ ಚಿತ್ರ

ದಿವಾ ನಿಲ್ದಾಣ ದಾಟುತ್ತಿದ್ದಂತೆ ಲೋಕಲ್ ರೈಲು ಒಮ್ಮೆ ಕುಲುಕಿತು. ಬಾಗಿಲ ಅಂಚಿನಲ್ಲಿ ನಿಂತು ನನ್ನ ಕನ್ನಡ ಪತ್ರಿಕೆಯತ್ತ ಇಣುಕುತ್ತಿದ್ದ ಅಪರಿಚಿತರೊಬ್ಬರ ಕಾಲು ಜಾರಿತು. ನಾನು ಅವರ ಬ್ಯಾಗಿನ ಪಟ್ಟಿ ಹಿಡಿದೆ. ಪಕ್ಕದವರು ತೋಳು ಹಿಡಿದು ಒಳಗೆಳೆದರು.

“ಜೀವ ಬೇಡ್ವಾ ಮಾರಾಯ್ರೇ?” ಎಂದೆ.

“ನೀವು ಪೇಪರ್ ಮಡಚಿ ಹಿಡಿದದ್ದಲ್ವಾ, ಕೊನೇ ಚಿತ್ರ ಕಾಣ್ಲಿಲ್ಲ. ರತ್ನತ್ತೆ ಬಾಗಿಲು ತೆಗೆದ್ರಾ?”

ವರ್ಷಗಳಿಂದ ದಿನವೂ ಬರುವ ಆ ಕಾರ್ಟೂನಿನಲ್ಲಿ ಕಿಟ್ಟುಮಾಮ ತಡವಾಗಿ ಮನೆಗೆ ಬಂದು ಹೊರಗೆ ನಿಂತೇ ಏನೋ ನೆಪ ಹೇಳುತ್ತಾನೆ. ಹೆಂಡತಿ ರತ್ನತ್ತೆ ಬಾಗಿಲು ತೆಗೆಯುವಳೋ ಇಲ್ಲವೋ ತಿಳಿಯುವುದು ಕೊನೆಯ ಚಿತ್ರದಲ್ಲಿ. ಮಡಿಕೆ ಬಿಚ್ಚಿ ತೋರಿಸಿದೆ. ತೆಗೆದಿದ್ದಳು. ಅವರು ನಕ್ಕರು, ನನಗೆ ನಗಲಾಗಲಿಲ್ಲ.

ಅಂದಿನಿಂದ ರೈಲಿನಲ್ಲಿ ಪತ್ರಿಕೆ ಬಿಡಿಸಲು ಕೈ ಬರುತ್ತಿಲ್ಲ. ಸಂಜೆ ಮನೆಗೆ ಬಂದೇ ಓದುತ್ತೇನೆ, ಕೊನೆಯ ಚಿತ್ರವನ್ನು ಮೊದಲು.